ಸೊನ್ನೆ ಬಿಲ್ಲು ಮತ್ತು ಗಿರಣಿಯ ಬಿಲ್ಲು

ಪುರವರದಲ್ಲಿ ಅಭ್ಯಾಸ ಬೋಧನೆಯ ಮೂರನೇ ವಾರ, ಹತ್ತನೇ ತರಗತಿಗೆ ವಿದ್ಯುಚ್ಛಕ್ತಿ ಪಾಠ. ಯೂನಿಟ್ ಲೆಕ್ಕಕ್ಕೆ ಮನೆಯ ಕರೆಂಟ್ ಬಿಲ್ಲನ್ನೇ ಬೋಧನೋಪಕರಣ ಮಾಡಿಕೊಂಡಿದ್ದೆ. ಬಂದವು ಹೆಚ್ಚಿನವು ಗೃಹಜ್ಯೋತಿಯ ಸೊನ್ನೆ ಬಿಲ್ಲುಗಳು. ಮಕ್ಕಳ ಉತ್ಸಾಹ ಅಲ್ಲಿಗೇ ಇಳಿಯಿತು. ಆಗ ಒಬ್ಬಳು ಎದ್ದು, "ಮಿಸ್, ನಮ್ಮ ಹಿಟ್ಟಿನ ಗಿರಣಿಗೆ ಸೊನ್ನೆ ಬರಲ್ಲ. ರೇಟು ಯಾರು ಹಾಕ್ತಾರೆ? ನಮ್ಮನ್ನ ಕೇಳ್ತಾರಾ?" ಎಂದಳು. "ಸರ್ಕಾರ ಹಾಕುತ್ತೆ" ಎಂದುಬಿಟ್ಟೆ. ಪಾಠಯೋಜನೆಯಲ್ಲಿ ಇಲ್ಲದ ಪ್ರಶ್ನೆ, ಉತ್ತರವೂ ತಪ್ಪು.

ಮರುದಿನ ತಪ್ಪನ್ನು ಒಪ್ಪಿಕೊಂಡೇ ಪೀಠಿಕೆ ಹಾಕಿದೆ. ದರ ನಿಗದಿ ಮಾಡುವುದು 1999ರಲ್ಲಿ ಸ್ಥಾಪನೆಯಾದ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ. ನಮ್ಮ ಜಿಲ್ಲೆಗೆ ಕರೆಂಟ್ ಕೊಡುವ ಬೆಸ್ಕಾಂ ಆಯೋಗಕ್ಕೆ ಅರ್ಜಿ ಹಾಕಬೇಕು, ಅದನ್ನು ಸಂಕ್ಷಿಪ್ತವಾಗಿ ಪ್ರಕಟಿಸಬೇಕು. 2003ರ ವಿದ್ಯುತ್ ಕಾಯ್ದೆಯ 64ನೇ ಕಲಮಿನಂತೆ ಆಯೋಗ ಸಾರ್ವಜನಿಕರ ಸಲಹೆ, ಆಕ್ಷೇಪಣೆಗಳನ್ನು ಪರಿಗಣಿಸಿ 120 ದಿನದೊಳಗೆ ತೀರ್ಮಾನಿಸಬೇಕು. ಆಯೋಗ ತನ್ನ ವಿನಿಯಮಗಳನ್ನು ಮಾಡುವಾಗಲೂ ಮೊದಲು ಕರಡು ಪ್ರಕಟಿಸಬೇಕು. ಸೊನ್ನೆ ಬಿಲ್ಲಿನವರಿಗೂ ಇದು ಸಂಬಂಧಿಸಿದ್ದೇ: ಅವರ ಪಾಲನ್ನು ಸರ್ಕಾರ ಖಜಾನೆಯಿಂದ ತುಂಬುತ್ತದೆ.

ಇಷ್ಟನ್ನೂ ಹೇಳಿದ್ದರೆ ಮಕ್ಕಳು ಬರೆದುಕೊಂಡು ಮರೆಯುತ್ತಿದ್ದರು. ತರಗತಿಯನ್ನು ಬೆಸ್ಕಾಂ, ಆಯೋಗ, ಗ್ರಾಹಕರು ಎಂದು ಮೂರು ಗುಂಪು ಮಾಡಿದೆ. ಮೊದಲ ಆಕ್ಷೇಪಣೆ ಒಂದೇ ಸಾಲು: "ರೇಟು ಜಾಸ್ತಿ ಮಾಡಬೇಡಿ." ಆಯೋಗದಲ್ಲಿ ಕೂತ ಹುಡುಗ, "ಯಾಕೆ ಅಂತ ಬರೀರಿ" ಎಂದು ವಾಪಸು ಕೊಟ್ಟ. ನಾನು ಹೇಳಿಕೊಟ್ಟಿರಲಿಲ್ಲ!

ಗಿರಣಿಯ ಹುಡುಗಿ ಬಿಲ್ಲನ್ನೇ ಮುಂದಿಟ್ಟಳು. ಗಿರಣಿ ನಿಂತ ತಿಂಗಳೂ ನಿಗದಿತ ಶುಲ್ಕ ಬರುತ್ತದೆ. ಬಳಸಿದ ಯೂನಿಟ್ಟಿಗೆ ಮಾತ್ರ ಹಣ ಕೇಳಬೇಕು ಎಂದು ಅವಳ ವಾದ. "ಗಿರಣಿ ನಿಂತ್ರೂ ಕಂಬ, ತಂತಿ, ಟ್ರಾನ್ಸ್‌ಫಾರ್ಮರ್ ಇರಬೇಕಲ್ಲ?" ಎಂದಿತು ಬೆಸ್ಕಾಂ ಗುಂಪು. ಆಯೋಗದವರು ಗೊಂದಲಕ್ಕೆ ಬಿದ್ದರು. ಪರಿಗಣಿಸುವುದೆಂದರೆ ಒಪ್ಪುವುದಲ್ಲ, ಆದರೆ ಉತ್ತರ ಕೊಡಬೇಕು. ನಿಜವಾದ ದರ ಆದೇಶದಲ್ಲೂ ಆಕ್ಷೇಪಣೆ, ಕಂಪನಿಯ ಉತ್ತರ, ಆಯೋಗದ ಅಭಿಪ್ರಾಯ ಮೂರೂ ದಾಖಲಾಗುತ್ತವೆ ಎಂದೆ. ತೀರ್ಮಾನಕ್ಕೆ ಮುಂಚೆ ಗಂಟೆ ಹೊಡೆಯಿತು.

ವೀಕ್ಷಣಾ ಪುಸ್ತಕದಲ್ಲಿ ಮಾರ್ಗದರ್ಶಕ ಶಿಕ್ಷಕರು "ವಿಷಯಾಂತರ" ಎಂದು ಬರೆದರು. ಎರಡು ಲೆಕ್ಕ ಬಾಕಿ ಉಳಿದದ್ದು ನಿಜ. ಆದರೆ ಕಿಲೋವ್ಯಾಟಿಗೂ ಕಿಲೋವ್ಯಾಟ್-ಗಂಟೆಗೂ ಇರುವ ವ್ಯತ್ಯಾಸ, ನಿಗದಿತ ಶುಲ್ಕ ಯಾವುದರ ಮೇಲೆ, ಬಳಕೆ ಶುಲ್ಕ ಯಾವುದರ ಮೇಲೆ ಎಂಬ ಜಗಳದಲ್ಲಿ ಸ್ಪಷ್ಟವಾದಷ್ಟು ನನ್ನ ಕಪ್ಪುಹಲಗೆಯಲ್ಲಿ ಆಗಿರಲಿಲ್ಲ.

ಪತ್ರಗಳನ್ನು ದಾಖಲೆಗೆ ಇಟ್ಟುಕೊಳ್ಳಬೇಕಿತ್ತು. ಗಿರಣಿಯ ಹುಡುಗಿ ಮಾತ್ರ ತನ್ನದನ್ನು ಅಪ್ಪನಿಗೆ ತೋರಿಸಬೇಕೆಂದು ಕೇಳಿ ತೆಗೆದುಕೊಂಡು ಹೋದಳು.