ಈಜುಕೊಳದ ನೀರು: ‘ಎಲ್ಲ ಆಟೋಮ್ಯಾಟಿಕ್’ ಎಂದರೆ ಸಾಕೇ?

ಬೇಸಿಗೆ ರಜೆಯಲ್ಲಿ ಮಕ್ಕಳನ್ನು ಈಜು ಕಲಿಯಲು ಸೇರಿಸುವಾಗ ನಾವು ಫೀಸು ಕೇಳುತ್ತೇವೆ, ಸಮಯ ಕೇಳುತ್ತೇವೆ, ಹೆಣ್ಣುಮಕ್ಕಳಿಗೆ ಪ್ರತ್ಯೇಕ ಬ್ಯಾಚ್ ಇದೆಯೇ ಎಂದು ಕೇಳುತ್ತೇವೆ. ನೀರಿನ ಬಗ್ಗೆ ಕೇಳುವವರು ಕಡಿಮೆ. ಕೇಳಿದರೆ ಈಗ ಸಿಗುವ ಉತ್ತರ, ‘ಎಲ್ಲ ಆಟೋಮ್ಯಾಟಿಕ್ ಸಾರ್.’ ಈ ಮಾತಿನ ಒಳಗೇನಿದೆ ಎಂದು ಸ್ವಲ್ಪ ತಿಳಿದುಕೊಳ್ಳಿ.

25 ಮೀಟರ್ ಉದ್ದ, 12 ಮೀಟರ್ ಅಗಲ, ಸರಾಸರಿ ಒಂದೂವರೆ ಮೀಟರ್ ಆಳದ ಕೊಳದಲ್ಲಿ ನಾಲ್ಕೂವರೆ ಲಕ್ಷ ಲೀಟರ್ ನೀರಿರುತ್ತದೆ. ಲೀಟರಿಗೆ ಒಂದು ಮಿಲಿಗ್ರಾಂ ಕ್ಲೋರಿನ್ ಇರಬೇಕಾದರೆ 450 ಗ್ರಾಂ ಬೇಕು. ಆದರೆ ಬಿಸಿಲು, ಬೆವರು, ಮೂತ್ರ ಎಲ್ಲವೂ ಅದನ್ನು ತಿನ್ನುತ್ತವೆ. ಬೆಳಿಗ್ಗೆ ಬಕೆಟಿನಲ್ಲಿ ಕಲಸಿ ಸುರಿದರೆ ಆಗ ಹೆಚ್ಚು, ಮಕ್ಕಳು ತುಂಬಿದ ಮಧ್ಯಾಹ್ನ ಕಡಿಮೆ. ಯಂತ್ರ ಬಂದದ್ದು ಈ ಏರಿಳಿತ ತಪ್ಪಿಸಲಿಕ್ಕೆ.

ಕೊಳದ ನೀರು ಫಿಲ್ಟರಿಗೆ ಹೋಗಿ ಬರುವ ದಾರಿಯಲ್ಲಿ ಸಣ್ಣ ಕೊಳವೆಯೊಂದನ್ನು ಕವಲು ತೆಗೆದು ಎರಡು ಸೆನ್ಸರುಗಳ ಮೂಲಕ ಹಾಯಿಸುತ್ತಾರೆ. ಒಂದು ಪಿಎಚ್ ನೋಡುತ್ತದೆ. ಇನ್ನೊಂದು ಓಆರ್‌ಪಿ, ಅಂದರೆ ಕೊಳೆ ಮತ್ತು ರೋಗಾಣುಗಳನ್ನು ಸುಡುವ ಶಕ್ತಿ ನೀರಿಗೆ ಎಷ್ಟಿದೆ ಎಂಬುದನ್ನು ಮಿಲಿವೋಲ್ಟಿನಲ್ಲಿ ತೋರಿಸುತ್ತದೆ. ಸಾಮಾನ್ಯವಾಗಿ 650ರಿಂದ 750ರ ನಡುವೆ ಇಡುತ್ತಾರೆ. ಅದಕ್ಕಿಂತ ಇಳಿದರೆ ಸಣ್ಣ ಪಂಪು ಕ್ಲೋರಿನ್ ದ್ರಾವಣವನ್ನು ಸ್ವಲ್ಪ ಸ್ವಲ್ಪವೇ ಬಿಡುತ್ತದೆ. ಪಿಎಚ್ ಏರಿದರೆ ಮತ್ತೊಂದು ಪಂಪು ಆಸಿಡ್ ಬಿಡುತ್ತದೆ.

ಪಿಎಚ್ ಯಾಕೆ? ಕ್ಲೋರಿನ್ ನೀರಿನಲ್ಲಿ ಎರಡು ರೂಪದಲ್ಲಿರುತ್ತದೆ, ರೋಗಾಣುಗಳನ್ನು ಚುರುಕಾಗಿ ಕೊಲ್ಲುವುದು ಅದರಲ್ಲಿ ಒಂದೇ. ಪಿಎಚ್ 7.2 ಇದ್ದಾಗ ಹೆಚ್ಚುಕಡಿಮೆ ಮೂರನೇ ಎರಡು ಭಾಗ ಆ ರೂಪದಲ್ಲಿರುತ್ತದೆ, 7.5ರಲ್ಲಿ ಅರ್ಧ, 8ಕ್ಕೆ ಹೋದರೆ ಕಾಲು ಭಾಗ ಮಾತ್ರ. ಕ್ಲೋರಿನ್ ಅಷ್ಟೇ ಇದ್ದರೂ ಕೆಲಸ ಮಾತ್ರ ಕಡಿಮೆ.

ಇಲ್ಲೊಂದು ಎಚ್ಚರಿಕೆ. ಓಆರ್‌ಪಿ ಸೆನ್ಸರ್ ಕ್ಲೋರಿನ್ನಿನ ಪ್ರಮಾಣವನ್ನು ಅಳೆಯುವುದಿಲ್ಲ. ಅದರ ಮೇಲೆ ಎಣ್ಣೆ, ಸುಣ್ಣದ ಪದರ ಕೂತರೆ ತಪ್ಪು ಅಂಕಿ ತೋರಿಸುತ್ತದೆ. ಬಿಸಿಲಿಗೆ ಹಾರಿಹೋಗದಿರಲೆಂದು ಸಯನ್ಯೂರಿಕ್ ಆಸಿಡ್ ಬೆರೆತ ಮಾತ್ರೆ ಬಳಸುವ ಕೊಳಗಳಲ್ಲಿ ಅಂಕಿ ಇನ್ನೂ ಕೆಳಗಿಳಿಯುತ್ತದೆ, ಯಂತ್ರ ಸುಮ್ಮನೆ ಕ್ಲೋರಿನ್ ಸುರಿಯುತ್ತಾ ಹೋಗಬಹುದು. ಆದುದರಿಂದ ದಿನಕ್ಕೆ ಕೆಲವು ಬಾರಿಯಾದರೂ ಕೊಳದ ನೀರನ್ನೇ ತೆಗೆದು, ಬಣ್ಣ ಬರುವ ಕಿಟ್‌ನಲ್ಲಿ ಕೈಯಾರೆ ಪರೀಕ್ಷಿಸಿ ರಿಜಿಸ್ಟರಿನಲ್ಲಿ ಬರೆಯಬೇಕು. ಆ ರಿಜಿಸ್ಟರ್ ತೋರಿಸಿ ಎಂದು ಕೇಳಲು ಸಂಕೋಚ ಬೇಡ. ಕ್ಲೋರಿನ್ ಕನಿಷ್ಠ 1 ಮಿಲಿಗ್ರಾಂ, ಮಾತ್ರೆ ಬಳಸುವಲ್ಲಿ 2. ಪಿಎಚ್ 7ರಿಂದ 7.8ರೊಳಗೆ.

ಇನ್ನೊಂದು ಪ್ರಶ್ನೆಯನ್ನೂ ಕೇಳಿ: ದೊಡ್ಡ ಪಂಪು ನಿಂತರೆ ಔಷಧಿಯ ಪಂಪುಗಳೂ ತಾವಾಗಿಯೇ ನಿಲ್ಲುತ್ತವೆಯೇ? ನಿಲ್ಲದಿದ್ದರೆ ಹರಿವಿಲ್ಲದ ಕೊಳವೆಯಲ್ಲಿ ಆಸಿಡ್ ಮತ್ತು ಕ್ಲೋರಿನ್ ದ್ರಾವಣ ಒಂದಕ್ಕೊಂದು ಸೇರಿ ವಿಷಾನಿಲವಾಗುತ್ತದೆ. ಪಂಪು ಮತ್ತೆ ಶುರುವಾದಾಗ ಅದು ನೇರ ಮಕ್ಕಳಿದ್ದಲ್ಲಿಗೆ ಬರುತ್ತದೆ. ಇಂಥ ಅವಘಡಗಳು ಹಲವೆಡೆ ನಡೆದಿವೆ. ಕೆಟ್ಟುನಿಂತ ಪಂಪನ್ನು ಮತ್ತೆ ಚಾಲೂ ಮಾಡುವಾಗ ಕೊಳದಲ್ಲಿ ಯಾರೂ ಇರಬಾರದು.

ಕೊಳದ ಹತ್ತಿರ ಹೋದೊಡನೆ ಮೂಗಿಗೆ ಬಡಿಯುವ ‘ಕ್ಲೋರಿನ್ ವಾಸನೆ’ ಶುಚಿತ್ವದ ಗುರುತೆಂದು ನಾನೂ ತುಂಬ ಕಾಲ ನಂಬಿದ್ದೆ. ಅದು ಮೂತ್ರ, ಬೆವರುಗಳೊಂದಿಗೆ ಕ್ಲೋರಿನ್ ಸೇರಿ ಹುಟ್ಟುವ ಕ್ಲೋರಮಿನ್‌ನ ವಾಸನೆ. ಕಣ್ಣು ಕೆಂಪಾಗುವುದೂ, ಕೆಮ್ಮು ಬರುವುದೂ ಹೆಚ್ಚಾಗಿ ಅದರಿಂದಲೇ. ನೀರಿಗಿಳಿಯುವ ಮೊದಲು ಮಕ್ಕಳನ್ನು ಶೌಚಾಲಯಕ್ಕೆ ಕಳುಹಿಸಿ, ಚೆನ್ನಾಗಿ ತೊಳೆಸಿ, ಮೈಗೆ ನೀರು ಹಾಕಿಸಿ.

ಯಂತ್ರ ಎಷ್ಟೇ ಚೆನ್ನಾಗಿದ್ದರೂ ಭೇದಿ ತರುವ ಕ್ರಿಪ್ಟೊಸ್ಪೊರಿಡಿಯಮ್ ಎಂಬ ಪರೋಪಜೀವಿ ಸಾಮಾನ್ಯ ಕ್ಲೋರಿನ್ ಪ್ರಮಾಣದಲ್ಲಿ ಒಂದು ವಾರಕ್ಕೂ ಹೆಚ್ಚು ಬದುಕುತ್ತದೆ. ಮಗುವಿಗೆ ಭೇದಿ ಇದ್ದರೆ, ಫೀಸು ಕಟ್ಟಿಯಾಗಿದ್ದರೂ, ಅಂದು ಕೊಳಕ್ಕೆ ಕಳುಹಿಸಬೇಡಿ. ಕ್ರಿಪ್ಟೊ ಎಂದು ವೈದ್ಯರು ಹೇಳಿದರೆ ಭೇದಿ ನಿಂತ ಮೇಲೂ ಎರಡು ವಾರ ಕಾಯಿರಿ.