ಮಗುವಿನ ಉಸಿರು ಎಣಿಸೋದು ಹ್ಯಾಂಗ?

ಹಿಂಗಾರಿ ಬಿತ್ತನೆ ಮುಗಿದು ಚಳಿ ಬಿಗಿಯಾಗುವ ಹೊತ್ತಿಗೆ ಗದಗ ಜಿಲ್ಲೆಯ ಇಟಗಿಯಂಥ ಊರಲ್ಲಿ ಮನೆಗೊಂದು ಕೂಸು ಕೆಮ್ಮುತ್ತಿರುತ್ತದೆ. ಹೆಚ್ಚಿನವಕ್ಕೆ ಬರೀ ನೆಗಡಿ. ನ್ಯುಮೋನಿಯಾ ಯಾವುದಕ್ಕೆ ಆಗಿದೆ ಎಂದು ಕೆಮ್ಮಿನ ಸದ್ದು ಕೇಳಿ, ಹಣೆ ಮುಟ್ಟಿ ಹೇಳಲಾಗದು. ಪುಪ್ಪುಸದ ಗಾಳಿಚೀಲಗಳಲ್ಲಿ ಕೀವು, ನೀರು ತುಂಬಿದಾಗ ಒಂದೊಂದು ಉಸಿರಿಗೆ ದಕ್ಕುವ ಆಮ್ಲಜನಕ ಕಡಿಮೆಯಾಗುತ್ತದೆ. ಕೂಸು ಬೇಗಬೇಗ ಉಸಿರಾಡಿ ಆ ಕೊರತೆ ನೀಗಿಸಿಕೊಳ್ಳಲು ನೋಡುತ್ತದೆ. ಅದಕ್ಕೇ ಉಸಿರು ಎಣಿಸಬೇಕು.

ಮೊದಲು ಕೂಸು ಅಳು ನಿಲ್ಲಿಸಲಿ. ಮಲಗಿದ್ದರೆ ಇನ್ನೂ ಚಲೋ. ಅಂಗಿ ಮೇಲೆತ್ತಿ, ಬೆಳಕಿನಲ್ಲಿ ಹೊಟ್ಟೆ ನೋಡಿ. ಅದು ಒಮ್ಮೆ ಏರಿ ಇಳಿದರೆ ಒಂದು ಉಸಿರು. ಮೊಬೈಲಿನಲ್ಲಿ ಪೂರಾ ಒಂದು ನಿಮಿಷ ಹಚ್ಚಿ. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಬೇಡಿ, ಕೂಸಿನ ಉಸಿರು ಒಂದೇ ಲಯದಲ್ಲಿರುವುದಿಲ್ಲ. ಎರಡು ತಿಂಗಳೊಳಗಿನ ಕೂಸಿಗೆ 60, ಎರಡರಿಂದ ಹನ್ನೆರಡು ತಿಂಗಳವರೆಗೆ 50, ಒಂದರಿಂದ ಐದು ವರ್ಷದವರೆಗೆ 40: ಲೆಕ್ಕ ಇಷ್ಟು ಮುಟ್ಟಿದರೆ ಅಥವಾ ದಾಟಿದರೆ ಅಂದೇ ದವಾಖಾನೆಗೆ ಹೋಗಬೇಕು. ಆಶಾ ಕಾರ್ಯಕರ್ತೆಗೂ ಈ ಲೆಕ್ಕ ಗೊತ್ತು, ಕರೆದು ಇನ್ನೊಮ್ಮೆ ಎಣಿಸಲು ಹೇಳಿ.

ಎಣಿಸುವಾಗಲೇ ಪಕ್ಕೆಲುಬಿನ ಕೆಳಗೆ ಕಣ್ಣಿಡಿ. ಉಸಿರು ಒಳಗೆಳೆದಾಗ ಎದೆಯ ಕೆಳಭಾಗ ಹಳ್ಳ ಬಿದ್ದರೆ ರೋಗ ಜೋರಾಗಿದೆ. ‘ಪಕ್ಕಿ ಎಳ್ಯಾಕತ್ತಾವು’ ಎಂದು ಮನೆಯ ಹಿರಿಯಾಕೆ ಅಂದರೆ ಆ ಮಾತನ್ನು ತಳ್ಳಿಹಾಕಬೇಡಿ. ಆದರೆ ಅದಕ್ಕೆ ಬರೆ ಹಾಕಲು ಹೊರಟರೆ ಮಾತ್ರ ಕೈ ಹಿಡಿಯಿರಿ. ಬರೆಯಿಂದ ಪುಪ್ಪುಸದ ಕೀವು ಕರಗದು, ಸುಟ್ಟ ಗಾಯ ಇನ್ನೊಂದು ಸೋಂಕಿಗೆ ಬಾಗಿಲಾಗುತ್ತದೆ.

ಮೊಲೆ ಕುಡಿಯದಿದ್ದರೆ, ಕುಡಿದದ್ದೆಲ್ಲ ಕಾರಿದರೆ, ಫಿಟ್ಸ್ ಬಂದರೆ, ಎಬ್ಬಿಸಿದರೂ ಕಣ್ಣು ತೆರೆಯದಿದ್ದರೆ, ತುಟಿ ನೀಲಿಯಾದರೆ ಎಣಿಸುತ್ತ ಕೂರಬಾರದು. 108ಕ್ಕೆ ಫೋನ್ ಮಾಡಿ. ಇಟಗಿಯ ದೇವತೆ ಭೀಮವ್ವನಿಗೆ ಹರಕೆ ಹೊರುವುದಿದ್ದರೆ ಗಾಡಿಯಲ್ಲಿ ಕೂತೇ ಹೊರಬಹುದು. ಎರಡು ತಿಂಗಳೊಳಗಿನ ಕೂಸಿಗೆ ಉಸಿರು ಬಿರುಸಾಗಿದ್ದರೂ ಸಾಕು, ದೊಡ್ಡ ಆಸ್ಪತ್ರೆಯೇ ಬೇಕು. ರೋಣ, ಗಜೇಂದ್ರಗಡದ ದವಾಖಾನೆಯಿಂದ ಮುಂದಕ್ಕೆ ಕಳಿಸಿದರೆ ಗದಗಿನ ಜಿಮ್ಸ್ ಆಸ್ಪತ್ರೆ ಇದೆ.

ದವಾಖಾನೆಯಲ್ಲಿ ಬೆರಳಿಗೆ ಆಕ್ಸಿಮೀಟರ್ ಹಾಕುತ್ತಾರೆ. ಅದು 90ಕ್ಕಿಂತ ಕೆಳಗೆ ತೋರಿಸಿದರೆ ಆಮ್ಲಜನಕ ಕೊಡಲೇಬೇಕು. ಕೈ ತಣ್ಣಗಿದ್ದರೆ ಅಂಕಿ ತಪ್ಪಾಗಬಹುದು, ಬೆರಳು ಬೆಚ್ಚಗೆ ಮಾಡಿ ಮತ್ತೆ ನೋಡಿಸಿ. ಎದೆ ಎಳೆತವಿಲ್ಲದೆ ಉಸಿರಷ್ಟೇ ಬಿರುಸಾಗಿದ್ದರೆ ಸಾಮಾನ್ಯವಾಗಿ ಅಮಾಕ್ಸಿಸಿಲಿನ್ ಗುಳಿಗೆಯನ್ನು ನೀರಲ್ಲಿ ಕರಗಿಸಿ ದಿನಕ್ಕೆ ಎರಡು ಸಲ, ಐದು ದಿನ ಕೊಡಿಸುತ್ತಾರೆ. ಅಳತೆ ಕೂಸಿನ ತೂಕದ ಮೇಲಿರುವುದರಿಂದ ಅಣ್ಣನಿಗೆ ತಂದು ಉಳಿದ ಗುಳಿಗೆ ತಂಗಿಗೆ ನಡೆಯದು. ಮೂರನೇ ದಿನ ಕೂಸು ಆಡತೊಡಗಿದರೂ ಐದು ದಿನ ಮುಗಿಸಿ. ಎರಡು ದಿನಕ್ಕೂ ಉಸಿರಿನ ಬಿರುಸು ಇಳಿಯದಿದ್ದರೆ ಮತ್ತೆ ತೋರಿಸಿ. ಸೂಜಿ ಮಾಡಿಸಿದರೇ ಗುಣ ಎಂಬ ನಂಬಿಕೆ ನಮ್ಮ ಕಡೆ ಬಲವಾಗಿದೆ. ನುಂಗಬಲ್ಲ ಕೂಸಿಗೆ ಗುಳಿಗೆಯೇ ಸಾಕಾಗುತ್ತದೆ.

ಕೆಮ್ಮಿನ ಸಿರಪ್ ನ್ಯುಮೋನಿಯಾಕ್ಕೆ ಮದ್ದಲ್ಲ. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡದಲ್ಲಿ ವಿಷ ಬೆರೆತ ಸಿರಪ್ ಕುಡಿದು ಮಕ್ಕಳು ತೀರಿಕೊಂಡ ಮೇಲೆ, ಎರಡು ವರ್ಷದೊಳಗಿನವರಿಗೆ ಕೆಮ್ಮಿನ ಸಿರಪ್ ಬರೆಯಲೇಬೇಡಿ ಎಂದು ಕೇಂದ್ರ ಸರ್ಕಾರ ವೈದ್ಯರಿಗೆ ಹೇಳಿತು.

ಮುದುಕರಲ್ಲಿ ರೋಗದ ಚಹರೆ ಬೇರೆ. ಜ್ವರವೇ ಇರದೆ, ಊಟ ಬಿಟ್ಟು, ಏನೇನೋ ಮಾತಾಡತೊಡಗಬಹುದು. ನಿಮಿಷಕ್ಕೆ 30 ಉಸಿರು ಮುಟ್ಟಿದರೆ ಕಾಯಬೇಡಿ. ಕೆಮ್ಮು ಎರಡು ವಾರ ದಾಟಿದರೆ ಕಫ ಪರೀಕ್ಷೆಯೂ ಆಗಲಿ, ಕ್ಷಯವಿರಬಹುದು.

ಕೂಸಿಗೆ ರೋಗ ಬಾರದಂತೆ ತಡೆಯಲು ತಾಯಿ ಕಾರ್ಡ್ ತೆಗೆದು ನ್ಯುಮೋಕಾಕಲ್ ಲಸಿಕೆ ಬಿದ್ದಿದೆಯೇ ನೋಡಿ: ಆರು ವಾರಕ್ಕೆ, ಹದಿನಾಲ್ಕು ವಾರಕ್ಕೆ, ಒಂಬತ್ತು ತಿಂಗಳಿಗೆ. 2021ರಿಂದ ದೇಶದಾದ್ಯಂತ ಉಚಿತ. ಹತ್ತಿಕಟಿಗೆ, ಕುಳ್ಳು ಉರಿಯುವ ಒಲೆಯ ಮುಂದೆ ಬಾಣಂತಿ ಕೂಸನ್ನು ಕಾಸುತ್ತ ಕೂರುವುದು, ಎರೆದ ಮೇಲೆ ಲೋಬಾನದ ಹೊಗೆ ಹಿಡಿಯುವುದು, ಮೂಗಿಗೆ ಎಣ್ಣೆ ಬಿಡುವುದು ಮೂರೂ ಬೇಡ. ಮೂಗಿಗೆ ಬಿಟ್ಟ ಎಣ್ಣೆ ಪುಪ್ಪುಸಕ್ಕಿಳಿದರೆ ಅದರಿಂದಲೇ ಒಂದು ಬಗೆಯ ನ್ಯುಮೋನಿಯಾ ಬರುತ್ತದೆ, ಆ ಎಣ್ಣೆಯನ್ನು ಅಲ್ಲಿಂದ ತೆಗೆಯುವುದು ವೈದ್ಯರಿಗೂ ಸುಲಭವಲ್ಲ.