ಹಳೆಯ ತಟ್ಟೆಯ ಕರಕರ ಯಾರದು?

ಕೈಯಿಂದ ಕೈಗೆ ದಾಟಿ ಬಂದ ಗ್ರಾಮಫೋನ್ ತಟ್ಟೆಯ ಮೇಲೆ ಮುಳ್ಳನ್ನು ಇಳಿಸಿದೊಡನೆ ನಮಗೆ ಕೇಳಿಸುವುದು ಸಂಗೀತವೊಂದೇ ಅಲ್ಲ. ಟಿಕ್ ಟಿಕ್ ಎಂಬ ಸದ್ದು, ಹುರಿದ ಸಾಸಿವೆಯ ಚಟಪಟ, ಅದರ ಹಿಂದೆ ಒಂದು ಒರಟು ಕರಕರ, ಇವೆಲ್ಲವೂ ಕೂಡಿ ಬರುತ್ತವೆ. ಇವುಗಳಲ್ಲಿ ವಾದಕನು ಬೇಕೆಂದೇ ಮಾಡಿದುದು ಯಾವುದು, ಕಾಲವೂ ಧೂಳೂ ಸೇರಿಸಿದುದು ಯಾವುದು? ವೀಣೆಯ ತಟ್ಟೆಯಾದರೆ ಉತ್ತರ ಸುಲಭ, ಕರಕರವೆಲ್ಲವೂ ದೋಷವೇ. ಬ್ಲೂಸ್-ರಾಕ್ ಎಂಬ ಬಗೆಯ ಸಂಗೀತದ ತಟ್ಟೆಯಾದರೆ ಮಾತ್ರ ವಿಚಾರ ಮಾಡಬೇಕಾಗುತ್ತದೆ. ಏಕೆಂದರೆ ಅಲ್ಲಿ ಒರಟುತನವೇ ಸಂಗೀತದ ಒಂದು ಅಂಗ.

ಅಮೆರಿಕದ ದಕ್ಷಿಣ ಸಂಸ್ಥಾನಗಳ ಕರಿಯ ಜನರ ಹಾಡು ಬ್ಲೂಸ್. ಅದನ್ನು ವಿದ್ಯುತ್ ಗಿಟಾರಿನ ಮೇಲೆ ಜೋರಾಗಿ ನುಡಿಸತೊಡಗಿದ ಇಂಗ್ಲೆಂಡಿನ ತರುಣರಲ್ಲಿ ಜಾನ್ ಮೇಯಲ್‌ರ ‘ಬ್ಲೂಸ್ ಬ್ರೇಕರ್ಸ್’ ತಂಡ ಪ್ರಸಿದ್ಧವಾದುದು. ಆ ತಂಡದ ತಟ್ಟೆಯೊಂದನ್ನು ಲಂಡನ್ನಿನ ಡೆಕ್ಕಾ ಕಂಪನಿ 1966ರ ಜುಲೈಯಲ್ಲಿ ಹೊರತಂದಿತು. ಗಿಟಾರ್ ನುಡಿಸಿದವರು ಆಗ 21 ವರ್ಷ ವಯಸ್ಸಿನ ಎರಿಕ್ ಕ್ಲ್ಯಾಪ್ಟನ್. ಮುದ್ರಣಶಾಲೆಯಲ್ಲಿ ಧ್ವನಿವರ್ಧಕವನ್ನು ತಗ್ಗಿಸಲು ಅವರು ಒಪ್ಪಲಿಲ್ಲ. ಸಭೆಯಲ್ಲಿ ನುಡಿಸುವಷ್ಟೇ ಜೋರಾಗಿ ನುಡಿಸಿದರು.

ಜೋರಾದರೆ ಸದ್ದು ದೊಡ್ಡದಾಗಬೇಕಲ್ಲದೆ ಒರಟೇಕೆ ಆಗಬೇಕು? ಧ್ವನಿವರ್ಧಕದೊಳಗಿನ ವಾಲ್ವಿಗೆ ಒಂದು ಮಿತಿಯುಂಟು. ತಂತಿಯಿಂದ ಬಂದ ಅಲೆ ಆ ಮಿತಿಯನ್ನು ಮುಟ್ಟಿದಾಗ, ತಗ್ಗು ಮಾಡಿನ ಮನೆಯೊಳಗೆ ಎತ್ತರದ ಆಳು ತಲೆ ಬಗ್ಗಿಸುವಂತೆ, ಅಲೆಯ ನೆತ್ತಿ ಚಪ್ಪಟೆಯಾಗುತ್ತದೆ. ಹೀಗೆ ಆಕಾರ ಕೆಟ್ಟ ಅಲೆಯಲ್ಲಿ ಮೂಲಸ್ವರದ ಮೂರು ಪಟ್ಟು, ಐದು ಪಟ್ಟು ಕಂಪನಸಂಖ್ಯೆಯ ಉಪಸ್ವರಗಳು ಬಲಗೊಳ್ಳುತ್ತವೆ. ಸೆಕೆಂಡಿಗೆ 220 ಕಂಪನಗಳ ಸ್ವರದೊಡನೆ 660, 1100 ಕಂಪನಗಳವೂ ಎದ್ದು ಕೇಳಿಸುತ್ತವೆ. ಇದೇ ವಾದಕನ ಕರಕರ. ತಂತಿಯನ್ನು ಮೆಲ್ಲಗೆ ಮೀಟಿದರೆ ಅಲೆ ಮಿತಿಯನ್ನು ಮುಟ್ಟುವುದಿಲ್ಲ, ಒರಟುತನವೂ ಇಳಿಯುತ್ತದೆ. ಅದು ಅವನ ಬೆರಳಿನ ಅಧೀನ.

ಇನ್ನು ತಟ್ಟೆಯ ಕಡೆಗೆ ಬರೋಣ. 12 ಅಂಗುಲದ ದೀರ್ಘವಾದನದ ತಟ್ಟೆ ನಿಮಿಷಕ್ಕೆ 33⅓ ಸುತ್ತು ತಿರುಗುತ್ತದೆ. ಒಂದು ಮಗ್ಗುಲು 20 ನಿಮಿಷ ನುಡಿದರೆ ಸುಮಾರು 667 ಸುತ್ತು. ಸುತ್ತಿನ ಸರಾಸರಿ ತ್ರಿಜ್ಯ 10.3 ಸೆಂಟಿಮೀಟರೆಂದು ಹಿಡಿದು ಗುಣಿಸಿದರೆ ತೋಡಿನ ಉದ್ದ 430 ಮೀಟರನ್ನು ಮುಟ್ಟುತ್ತದೆ. ಈ ತೋಡು ನಮ್ಮ ತಲೆಗೂದಲಿಗಿಂತ ಹೆಚ್ಚು ಅಗಲವಲ್ಲ. ಅದರ ಎರಡು ದಡಗಳ ಅಂಕುಡೊಂಕೇ ಸಂಗೀತ. ಮುಳ್ಳಿನ ಭಾರ ಎರಡು ಗ್ರಾಂ ಮಾತ್ರವಾದರೂ ಅದು ತಾಗುವ ಸ್ಥಳ ಅತಿಕಿರಿದಾದುದರಿಂದ ಅಲ್ಲಿ ಒತ್ತಡವು ವಾಯುಮಂಡಲದ ಒತ್ತಡದ ನೂರಾರು ಪಟ್ಟಾಗುತ್ತದೆ. ತುದಿ ಸವೆದು ಅಂಚು ಹರಿತವಾದ ಮುಳ್ಳು ಈ ದಡಗಳನ್ನು ಉಳಿಯಂತೆ ಕೆತ್ತುತ್ತದೆ. ಹಾಗೆ ಕೆತ್ತಿಹೋದುದು ಮತ್ತೆ ಬರುವುದಿಲ್ಲ.

ಸವೆತ ಎಲ್ಲೆಡೆ ಒಂದೇ ತೆರನಾಗಿ ಕೇಳಿಸದು. ತಟ್ಟೆಯ ಹೊರ ಅಂಚಿನಲ್ಲಿ ತೋಡು ಮುಳ್ಳಿನಡಿ ಸೆಕೆಂಡಿಗೆ 51 ಸೆಂಟಿಮೀಟರ್ ಓಡಿದರೆ ಒಳಗಡೆ 21 ಸೆಂಟಿಮೀಟರ್ ಮಾತ್ರ. ಸೆಕೆಂಡಿಗೆ 10,000 ಕಂಪನಗಳ ಸ್ವರದ ಒಂದು ಅಲೆಗೆ ಹೊರಗೆ 51 ಮೈಕ್ರಾನ್ ಜಾಗ ಸಿಕ್ಕಿದರೆ ಒಳಗೆ ಸಿಕ್ಕುವುದು 21 ಮೈಕ್ರಾನ್. ಸಾಧಾರಣ ಮುಳ್ಳಿನ ತುದಿಯ ತ್ರಿಜ್ಯವೇ ಸುಮಾರು 18 ಮೈಕ್ರಾನ್! ಅಷ್ಟು ಇಕ್ಕಟ್ಟಿನ ತಿರುವಿನಲ್ಲಿ ಅದು ತಡವರಿಸುತ್ತದೆ. ಆದಕಾರಣ ಸವೆದ ತಟ್ಟೆಯಲ್ಲಿ ಕೊನೆಯ ಹಾಡು ಮೊದಲಿನದಕ್ಕಿಂತ ಹೆಚ್ಚು ಕೆಟ್ಟಿರುತ್ತದೆ. ಗಿಟಾರಷ್ಟೇ ಅಲ್ಲದೆ ಹಾಡುಗಾರನ ‘ಸ’ಕಾರವೂ ಕಂಚಿನ ತಾಳದ ಸದ್ದೂ ಸೀಳಿಹೋಗಿರುತ್ತವೆ. ಹಾಡುಗಾರನ ಮಾತು ತಿಳಿಯಾಗಿದ್ದು ಗಿಟಾರೊಂದೇ ಕರಕರವೆಂದರೆ ಅದು ಕ್ಲ್ಯಾಪ್ಟನ್‌ರದೆಂದು ಧೈರ್ಯವಾಗಿ ಹೇಳಬಹುದು.

ಗೀರನ್ನು ಗುರುತಿಸಲು ಗಡಿಯಾರವೊಂದು ಸಾಕು. ತಟ್ಟೆಗೆ ಒಂದು ಸುತ್ತಿಗೆ ಬೇಕಾದ ಕಾಲ 1.8 ಸೆಕೆಂಡು. ತೋಡುಗಳಿಗೆ ಅಡ್ಡಲಾಗಿ ಬಿದ್ದ ಗೀರು ಪ್ರತಿ ಸುತ್ತಿಗೂ ಒಮ್ಮೆ ಮುಳ್ಳಿಗೆ ಸಿಕ್ಕುತ್ತದೆ. ಮೊದಲ ಟಿಕ್ಕನ್ನು ಸೊನ್ನೆಯೆಂದು ಎಣಿಸಿದರೆ ಹತ್ತನೆಯದು 18 ಸೆಕೆಂಡಿಗೆ ಬರಬೇಕು. ಧೂಳಿನ ಚಟಪಟಕ್ಕೆ ಇಂಥ ನಿಯಮವಿಲ್ಲ. ಸ್ವರ ಏರಿಳಿಯುವುದನ್ನೂ ಹೀಗೆಯೇ ಪರೀಕ್ಷಿಸಬಹುದು. ನಡುವಿನ ರಂಧ್ರ ಸರಿಯಾಗಿ ಮಧ್ಯದಲ್ಲಿಲ್ಲದಿದ್ದರೆ ಎಲ್ಲ ವಾದ್ಯಗಳೂ ಕೂಡಿ 1.8 ಸೆಕೆಂಡಿಗೊಮ್ಮೆ ಅಲುಗುತ್ತವೆ. ಗಿಟಾರ್ ಮಾತ್ರ ಏರಿದರೆ ಅದು ಬೆರಳಿನಿಂದ ತಂತಿಯನ್ನು ಪಕ್ಕಕ್ಕೆಳೆದುದರ ಫಲ. ನಮ್ಮ ವೈಣಿಕರು ಮೆಟ್ಟಿಲ ಮೇಲೆ ತಂತಿಯನ್ನೆಳೆದು ಗಮಕ ಹಿಡಿಯುವುದೂ ಇದೇ ತತ್ತ್ವದಿಂದಲೇ. ಕಂಪನಸಂಖ್ಯೆ ಬಿಗಿತದ ವರ್ಗಮೂಲವನ್ನು ಅನುಸರಿಸುವುದರಿಂದ, ಷಡ್ಜದಿಂದ ಚತುಃಶ್ರುತಿ ರಿಷಭಕ್ಕೆ ಏರಲು ಬಿಗಿತವನ್ನು ಕಾಲುಪಾಲಿನಷ್ಟು ಹೆಚ್ಚಿಸಬೇಕು. ಆ ಬೆರಳುಗಳ ಶಕ್ತಿಯನ್ನು ಮೆಚ್ಚಲೇಬೇಕು.

ಉಡುಪಿಯ ಬಡಗಣ ಸಂತೆಕಟ್ಟೆಯಂತಹ ಊರಿನಲ್ಲಿ ತಟ್ಟೆಗೆ ಇನ್ನೊಬ್ಬ ಶತ್ರುವುಂಟು. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ಈ ಕರಾವಳಿಯಲ್ಲಿ ಆಟಿ ತಿಂಗಳು ಕಳೆಯುವಷ್ಟರಲ್ಲಿ ಕಾಗದದ ಲಕೋಟೆಗೆ ಬೂಷ್ಟು ಹಿಡಿಯುತ್ತದೆ. ಬೆರಳಿನ ಜಿಡ್ಡನ್ನೂ ಧೂಳನ್ನೂ ಉಂಡು ತೋಡಿನೊಳಗೂ ಹಬ್ಬುತ್ತದೆ. ಆದರೆ ಈ ಚಟಪಟವನ್ನು ಹೋಗಲಾಡಿಸಬಹುದು. ಬಟ್ಟಿಯಿಳಿಸಿದ ನೀರಿಗೆ ಒಂದು ತೊಟ್ಟು ಮೃದುವಾದ ಸಾಬೂನು ದ್ರವ ಬೆರೆಸಿ, ನಡುವಿನ ಚೀಟಿಯನ್ನು ನೆನೆಸದೆ, ಮೆತ್ತನೆಯ ಬಟ್ಟೆಯಿಂದ ತೋಡಿನ ಗುಂಟ ಒರಸಿ, ಬರಿಯ ಬಟ್ಟಿನೀರಿನಿಂದ ಮತ್ತೊಮ್ಮೆ ತೊಳೆದು ನೆರಳಿನಲ್ಲಿ ಆರಿಸಬೇಕು. ಕಡಲ ಸಮೀಪದ ಬಾವಿಯ ನೀರು ಬೇಡ. ಅದು ಉಪ್ಪಾಗಿದ್ದರೆ ಆರಿದ ಮೇಲೆ ಹರಳುಗಳು ತೋಡಿನಲ್ಲೇ ಉಳಿಯುತ್ತವೆ. ಬಿಸಿಲಂತೂ ಕೂಡದು, ವಿನೈಲ್ ಮೆತ್ತಗಾಗಿ ಸೊಟ್ಟಗಾಗುತ್ತದೆ.

ಹಳೆಯ ಸಾಮಾನಿನ ರಾಶಿಯಲ್ಲಿ ಸಿಕ್ಕುವ ಕರಿಯ ತಟ್ಟೆಗಳೆಲ್ಲ ವಿನೈಲ್ ಅಲ್ಲ. ನಿಮಿಷಕ್ಕೆ 78 ಸುತ್ತಿನವು ಸಾಮಾನ್ಯವಾಗಿ ಅರಗಿನವು. ನಮ್ಮ ದೇಶದಲ್ಲಿ 1960ರ ದಶಕದಲ್ಲಿ ಬೀಟಲ್ಸ್ ತಂಡದ ಹಾಡುಗಳು ಸಹ ಅಂತಹ ತಟ್ಟೆಗಳಲ್ಲಿ ಬಂದುದುಂಟು. ಕೀಲಿ ಕೊಡುವ ಹಳೆಯ ಪೆಟ್ಟಿಗೆಯ ಭಾರವಾದ ಉಕ್ಕಿನ ಮುಳ್ಳನ್ನು ಅವು ತಾಳಿಕೊಂಡಾವು. ವಿನೈಲ್ ಒಂದೇ ಸಲಕ್ಕೆ ಹಾಳಾಗುತ್ತದೆ. ಸ್ಪಿರಿಟ್ಟಿನ ವಿಷಯದಲ್ಲಿ ಇದು ತಿರುಗುಮುರುಗು. ಬೂಷ್ಟು ತೆಗೆಯಲೆಂದು ಅರಗಿನ ತಟ್ಟೆಗೆ ಸ್ಪಿರಿಟ್ಟು ಸವರಿದರೆ ಬೂಷ್ಟಿನ ಸಂಗಡ ಹಾಡೂ ಕರಗಿ ಬಟ್ಟೆಗೆ ಬರುತ್ತದೆ.